ಡ್ರೈವ್ ಸುಲಭ, ಕಂಪ್ಯೂಟರೇ ಕಷ್ಟ: ಹಳೇ ಎಕ್ಸ್‌ಬಾಕ್ಸ್ 360ಕ್ಕೆ ಬದಲಿ ಡಿಸ್ಕ್ ಡ್ರೈವ್ ಒಗ್ಗಿಸಿದ್ದು

ಮೈಕ್ರೋಸಾಫ್ಟ್‌ನ ಹಳೇ ಗೇಮ್ ಯಂತ್ರ (ಕನ್ಸೋಲ್) ಎಕ್ಸ್‌ಬಾಕ್ಸ್ 360ರ ಡಿಸ್ಕ್ ಡ್ರೈವ್ ಕೆಟ್ಟರೆ ಇನ್ನೊಂದು ಡ್ರೈವ್ ತಂದು ಸಿಕ್ಕಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಇದು ಗೊತ್ತಿಲ್ಲದೆ ದುಡ್ಡು ಕಳೆದುಕೊಂಡವರು ದಾವಣಗೆರೆಯಲ್ಲೇ ಸುಮಾರು ಜನ ಇದ್ದಾರೆ. ಬದಲಿ ಡ್ರೈವ್ ಹಾಕುತ್ತಾರೆ. ಟ್ರೇ ಚೆನ್ನಾಗಿ ಹೊರಗೆ ಬರುತ್ತದೆ, ಒಳಗೆ ಹೋಗುತ್ತದೆ, ಸಿನಿಮಾ ಡಿವಿಡಿ ಕೂಡ ಓಡುತ್ತದೆ. ಗೇಮ್ ಡಿಸ್ಕ್ ಹಾಕಿದಾಗ ಮಾತ್ರ ಇದನ್ನು ಎಕ್ಸ್‌ಬಾಕ್ಸ್ 360ಕ್ಕೆ ಹಾಕಿ ಆಡಿ ಅಂತ ಪರದೆ ಮೇಲೆ ಬರುತ್ತದೆ. ಹಾಕಿರುವುದು ಎಕ್ಸ್‌ಬಾಕ್ಸ್ 360ಕ್ಕೇ!

ಆ ಸಂದೇಶ ಕನ್ಸೋಲ್ ಕೊಡುವುದಲ್ಲ. ಪ್ರತಿ ಗೇಮ್ ಡಿಸ್ಕ್‌ನಲ್ಲೂ ಮಾಮೂಲಿ ಡಿವಿಡಿ ಪ್ಲೇಯರ್‌ಗೆ ಕಾಣಲಿ ಅಂತ ಒಂದು ಸಣ್ಣ ವಿಡಿಯೋ ಭಾಗ ಬಿಟ್ಟಿರುತ್ತಾರೆ. ಡ್ರೈವ್ ಮತ್ತು ಮದರ್‌ಬೋರ್ಡ್‌ಗೆ ಪರಸ್ಪರ ಗುರುತು ಸಿಗದಿದ್ದರೆ ಗೇಮ್ ಇರುವ ಭಾಗ ತೆರೆಯುವುದೇ ಇಲ್ಲ. ಆಗ ಉಳಿಯುವುದು ಆ ವಿಡಿಯೋ ಒಂದೇ. ಆದ್ದರಿಂದ ಈ ಸಂದೇಶ ಕಂಡರೆ ಲೆನ್ಸ್ ಒರೆಸುತ್ತಾ ಕೂರಬೇಡಿ. ಲೇಸರ್ ಓದುತ್ತಿದೆ, ಕೀ ತಪ್ಪಿದೆ ಅಷ್ಟೇ.

ಕೀ ಅಂದರೆ 16 ಬೈಟ್‌ನ ಒಂದು ಗುಟ್ಟಿನ ಸಂಖ್ಯೆ. ಒಂದು ಪ್ರತಿ ಡ್ರೈವ್‌ನ ಫರ್ಮ್‌ವೇರ್ ಒಳಗಿದೆ, ಅಂದರೆ ಡ್ರೈವನ್ನು ನಡೆಸಲು ಅದರ ಚಿಪ್‌ನಲ್ಲೇ ಬರೆದಿಟ್ಟ ಸಾಫ್ಟ್‌ವೇರ್‌ನಲ್ಲಿ. ಇನ್ನೊಂದು ಮದರ್‌ಬೋರ್ಡ್‌ನ ನ್ಯಾಂಡ್ ಮೆಮೊರಿಯಲ್ಲಿ (ಕರೆಂಟ್ ಹೋದರೂ ಅಳಿಯದ ಮೆಮೊರಿ), ಆ ಕನ್ಸೋಲ್‌ನ ಪ್ರೊಸೆಸರ್‌ಗೆ ಮಾತ್ರ ಬಿಚ್ಚಲು ಬರುವ ಹಾಗೆ ಮುಚ್ಚಿಟ್ಟಿದೆ. ಎರಡೂ ಒಂದೇ ಇರಬೇಕು. ಫ್ಯಾಕ್ಟರಿಯಲ್ಲಿ ಒಂದು ಡ್ರೈವ್‌ಗೆ ಒಂದು ಬೋರ್ಡ್ ಅಂತ ಜೋಡಿ ಮಾಡಿ ಕಳಿಸಿರುತ್ತಾರೆ.

ಇಷ್ಟು ಹಳೇ ಯಂತ್ರಕ್ಕೆ ಯಾಕೆ ಈ ಒದ್ದಾಟ ಅಂತ ಕೇಳಬಹುದು. 360 ಅಮೆರಿಕದಲ್ಲಿ 2005ರ ನವೆಂಬರ್‌ನಲ್ಲಿ ಬಂತು, ನಮ್ಮ ದೇಶಕ್ಕೆ 2006ರಲ್ಲಿ. ಅದರ ಆನ್‌ಲೈನ್ ಅಂಗಡಿಯನ್ನು ಮೈಕ್ರೋಸಾಫ್ಟ್ 2024ರ ಜುಲೈ 29ಕ್ಕೆ ಮುಚ್ಚಿತು. ಈಗ ಆ ಕನ್ಸೋಲ್‌ನಲ್ಲಿ ಹೊಸದಾಗಿ ಒಂದು ಗೇಮ್ ಕೊಳ್ಳುವ ಹಾಗಿಲ್ಲ. ಮನೆಯಲ್ಲಿ ಡಿಸ್ಕ್ ಇಟ್ಟುಕೊಂಡವರಿಗೆ ಡ್ರೈವೇ ಜೀವ. ಅದು ಸತ್ತರೆ ಡಿಸ್ಕ್‌ಗಳೆಲ್ಲ ತೋರಣ ಕಟ್ಟುವುದಕ್ಕೆ ಲಾಯಕ್ಕು.

ಬಂದ ಕಾಯಿಲೆ

ಯಂತ್ರ ಬಂದಿದ್ದು ವಿದ್ಯಾನಗರ ಕಡೆಯಿಂದ. ಇಂಜಿನಿಯರಿಂಗ್ ಓದುವ ಹುಡುಗ, ಅವನ ಅಣ್ಣನ ಕಾಲದ ದಪ್ಪ ಮಾಡೆಲ್. "ಅಣ್ಣಾ, ಬಟನ್ ಒತ್ತಿದ್ರೆ ಟ್ರೇ ಬರಲ್ಲ. ಮೊದಲು ಕಿರ್ ಅಂತ ಸದ್ದು ಮಾಡ್ತಿತ್ತು, ಈಗ ಅದೂ ಇಲ್ಲ" ಅಂದ. ಜೊತೆಗೆ ಒಂದು ಚೀಲ ತುಂಬ ಅಸಲಿ ಡಿಸ್ಕ್.

ಕಿರ್ ಅನ್ನುವ ಸದ್ದಿಗೆ ಕಾರಣ ಬಹುತೇಕ ಟ್ರೇಯ ರಬ್ಬರ್ ಬೆಲ್ಟ್. ಹಳತಾದಂತೆ ಅದು ಸಡಿಲವಾಗಿ ಪುಲ್ಲಿ ಮೇಲೆ ಜಾರುತ್ತದೆ. ಬೆಲ್ಟನ್ನು ಕುದಿಯುವ ನೀರಿಗೆ ಹಾಕಿ ಬಿಗಿ ಮಾಡುವ ಉಪಾಯ ಎಲ್ಲರಿಗೂ ಗೊತ್ತು. ಸ್ವಲ್ಪ ದಿನ ನಡೆಯುತ್ತದೆ, ಅಷ್ಟೇ. ಹೊಸ ಬೆಲ್ಟ್ ಹಾಕುವುದೇ ವಾಸಿ. ಆದರೆ ಇಲ್ಲಿ ಸದ್ದೇ ನಿಂತಿದೆ ಅಂದರೆ ವಿಷಯ ಬೆಲ್ಟ್ ದಾಟಿ ಹೋಗಿದೆ.

ಮೇಲಿನ ಹೊದಿಕೆ ಬಿಚ್ಚಿ ಡ್ರೈವ್ ಎತ್ತಿದೆ. ಹಿಂದೆ ಎರಡು ಕೇಬಲ್, ಒಂದು ಮಾಹಿತಿ ಸಾಗಿಸುವ ಸಾಟಾ, ಒಂದು ಪವರ್. ಸ್ಟಿಕ್ಕರ್ ಮೇಲೆ ಬೆನ್‌ಕ್ಯೂ ವಿಎಡಿ6038, ಫರ್ಮ್‌ವೇರ್ 64930ಸಿ. ತಳದ ತಗಡು ತೆಗೆದ ಕೂಡಲೇ ವಾಸನೆ ಬಂತು. ಮೋಟರ್‌ಗಳನ್ನು ಓಡಿಸುವ ಚಿಪ್ ಮೇಲೆ ಸೂಜಿ ಚುಚ್ಚಿದಂತೆ ಒಂದು ಸಣ್ಣ ಗುಳಿ, ಅದರ ಸುತ್ತ ಬೋರ್ಡ್ ಕಂದು ಬಣ್ಣಕ್ಕೆ ತಿರುಗಿದೆ. ಟ್ರೇ ಹಳಿಯಲ್ಲಿ ಹತ್ತಿ ಎಳೆಯಂಥ ಧೂಳು ಗಟ್ಟಿಯಾಗಿ ಕೂತಿತ್ತು. ಸಿಕ್ಕಿಕೊಂಡ ಟ್ರೇಯನ್ನು ಮೋಟರ್ ಎಳೆದೂ ಎಳೆದೂ, ಅದಕ್ಕೆ ಕರೆಂಟ್ ಕೊಡುವ ಚಿಪ್ ಬೆಂದಿದೆ. ನಮ್ಮ ಊರಿನ ಏಪ್ರಿಲ್ ಬಿಸಿಲಿನಲ್ಲಿ, ಟಿವಿ ಸ್ಟ್ಯಾಂಡ್‌ನ ಮುಚ್ಚಿದ ಖಾನೆಯೊಳಗೆ ಇಟ್ಟು ಆಡಿದರೆ ಇನ್ನೇನಾಗುತ್ತದೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಡ್ರೈವ್ ಕೆಟ್ಟಿದೆ ಅಂದ ಕೂಡಲೇ ಫರ್ಮ್‌ವೇರ್‌ಗೆ ಕೈ ಹಾಕುವ ಅಗತ್ಯ ಹೆಚ್ಚಿನ ಸಲ ಇರುವುದಿಲ್ಲ. ಕೀ ಇರುವುದು ಡ್ರೈವ್‌ನ ಹಸಿರು ಬೋರ್ಡ್‌ನಲ್ಲಿ, ಲೇಸರ್‌ನಲ್ಲೂ ಇಲ್ಲ, ಮೋಟರ್‌ನಲ್ಲೂ ಇಲ್ಲ. ಲೇಸರ್ ಸೋತಿದ್ದರೆ ಲೇಸರ್ ಬದಲಿಸಿ. ಮೆಕ್ಯಾನಿಸಂ ಹಾಳಾಗಿದ್ದರೆ ಅದೇ ಮಾಡೆಲ್‌ನ ಬೇರೆ ಡ್ರೈವ್ ತಂದು, ನಿಮ್ಮ ಹಳೇ ಬೋರ್ಡನ್ನು ಅದಕ್ಕೆ ಕೂರಿಸಿ. ನಾಲ್ಕು ಸ್ಕ್ರೂ, ಎರಡು ಮೂರು ರಿಬ್ಬನ್ ಕೇಬಲ್, ಮುಗಿಯಿತು. ಕಂಪ್ಯೂಟರೂ ಬೇಡ, ಸಾಫ್ಟ್‌ವೇರೂ ಬೇಡ. ಫರ್ಮ್‌ವೇರ್ ಮುಟ್ಟುವ ಕೆಲಸ ಬರುವುದು ಹಳೇ ಬೋರ್ಡೇ ಕೈಕೊಟ್ಟಾಗ ಮಾತ್ರ.

ಈ ಸಲ ಕೈಕೊಟ್ಟಿದ್ದು ಬೋರ್ಡೇ. ಸುಟ್ಟ ಚಿಪ್ ಬದಲಿಸಬಹುದಿತ್ತಲ್ಲ ಅಂದರೆ, ಅದನ್ನು ಬೆಸೆಯುವ ಅಡಿಯ ತಾಮ್ರದ ಪ್ಯಾಡ್‌ಗಳು ಬೋರ್ಡ್‌ನಿಂದ ಎದ್ದು ಬಂದಿದ್ದವು. ಹೊಸ ಚಿಪ್ ಇಟ್ಟರೂ ಅದು ನಿಲ್ಲುವುದು ಯಾವುದರ ಮೇಲೆ? ಆದರೆ ಪಕ್ಕದಲ್ಲಿ ಡ್ರೈವನ್ನು ನಡೆಸುವ ದೊಡ್ಡ ಮೀಡಿಯಾಟೆಕ್ ಚಿಪ್ ಚೆನ್ನಾಗಿ ಕಂಡಿತು. ಅದು ಬದುಕಿದ್ದರೆ ಕೀ ಬದುಕಿದೆ ಅಂತ ಅರ್ಥ.

ದಾನಿ ಡ್ರೈವ್ ಸಿಕ್ಕಿದ್ದು ಗುಜರಿಗೆ ಬಂದಿದ್ದ ಒಂದು ಸತ್ತ ಕನ್ಸೋಲ್‌ನಿಂದ. ಅದೂ ಬೆನ್‌ಕ್ಯೂ ವಿಎಡಿ6038, ಫರ್ಮ್‌ವೇರ್ ಮಾತ್ರ ಹಳೆಯದು, 62430ಸಿ. ಯಂತ್ರಾಂಗ ಒಂದೇ. ಕೈಯಲ್ಲಿ ಎರಡೂ ಇವೆ. ಹಳೇ ಬೋರ್ಡ್‌ನಿಂದ ಕೀ ಓದಬೇಕು, ದಾನಿ ಬೋರ್ಡ್‌ಗೆ ಬರೆಯಬೇಕು. ಹೇಳುವಾಗ ಒಂದು ಸಾಲು.

ಕಂಪ್ಯೂಟರ್ ಡ್ರೈವನ್ನು ನೋಡುವುದೇ ಇಲ್ಲ

ಡ್ರೈವ್‌ನಲ್ಲಿರುವುದು ಮಾಮೂಲಿ ಸಾಟಾ ಕನೆಕ್ಟರ್. ಕೆಂಪು ಕೇಬಲ್ ಸರಿಯಾಗಿ ಕೂರುತ್ತದೆ. ಕೇಬಲ್ ಕೂತ ಕೂಡಲೇ ಹೊಂದಿಕೆ ಆಯಿತು ಅಂದುಕೊಂಡರೆ ಆಟ ಶುರುವಾಗುವುದೇ ಅಲ್ಲಿಂದ.

ಡ್ರೈವ್‌ನ ಫರ್ಮ್‌ವೇರ್ ಓದಿ ಬರೆಯುವ ಜಂಗಲ್‌ಫ್ಲ್ಯಾಶರ್, ಡಾಸ್‌ಫ್ಲ್ಯಾಶ್ ಥರದ ಸಾಫ್ಟ್‌ವೇರ್‌ಗಳು ವಿಂಡೋಸ್ ಮೂಲಕ ಮರ್ಯಾದೆಯಾಗಿ ಡ್ರೈವ್ ಜೊತೆ ಮಾತಾಡುವುದಿಲ್ಲ. ಸಾಟಾಕ್ಕೆ ಮೊದಲಿದ್ದ ಹಳೇ ಐಡಿಇ ಪದ್ಧತಿಯ ಕಾಲದ ಪೋರ್ಟ್ ವಿಳಾಸಗಳಿಗೆ ನೇರವಾಗಿ ಬೈಟ್ ತಳ್ಳುತ್ತವೆ, ಅಲ್ಲಿಂದಲೇ ಉತ್ತರ ಓದುತ್ತವೆ. ಡ್ರೈವ್ ತಯಾರಕರು ತಮ್ಮ ಸರ್ವಿಸ್‌ಗೆ ಅಂತ ಇಟ್ಟುಕೊಂಡ ವೆಂಡರ್ ಮೋಡ್‌ಗೆ ಹೋಗುವ ದಾರಿ ಅದು. ಈಗಿನ ಕಂಪ್ಯೂಟರ್‌ಗಳಲ್ಲಿ ಸಾಟಾ ನಡೆಯುವುದು ಎಎಚ್‌ಸಿಐ ಎಂಬ ಪದ್ಧತಿಯಲ್ಲಿ. ಅಲ್ಲಿ ಎಲ್ಲವೂ ಮೆಮೊರಿ ಮೂಲಕ ಹೋಗುತ್ತದೆ, ಆ ಹಳೇ ಪೋರ್ಟ್ ವಿಳಾಸಗಳೇ ಇರುವುದಿಲ್ಲ. ಸಾಫ್ಟ್‌ವೇರ್ ಬಾಗಿಲು ತಟ್ಟುತ್ತದೆ, ಬಾಗಿಲೇ ಇಲ್ಲ.

ನನ್ನ ದಿನದ ಕೆಲಸದ ಕಂಪ್ಯೂಟರ್ ಹೊಸದು. ಅದರ ಬಯೋಸ್‌ನಲ್ಲಿ (ಆನ್ ಮಾಡಿದ ಕೂಡಲೇ ಓಡುವ ಮೂಲ ಸಾಫ್ಟ್‌ವೇರ್) ಐಡಿಇ ಮೋಡ್ ಅನ್ನುವ ಆಯ್ಕೆಯೇ ಇಲ್ಲ. ಅಲ್ಲಿಗೆ ಅದು ಲೆಕ್ಕದಿಂದ ಹೊರಗೆ. ಯುಎಸ್‌ಬಿಯಿಂದ ಸಾಟಾ ಮಾಡುವ ಅಡಾಪ್ಟರ್ ಇದೆಯಲ್ಲ ಅಂತ ಹುಡುಗ ಕೇಳಿದ. ಅದರೊಳಗಿನ ಚಿಪ್ ತನ್ನದೇ ಭಾಷೆಗೆ ಅನುವಾದ ಮಾಡಿ ಕಳಿಸುತ್ತದೆ. ಹಾರ್ಡ್ ಡಿಸ್ಕ್‌ಗೆ ಪರವಾಗಿಲ್ಲ, ಈ ಕೆಲಸಕ್ಕೆ ಆಗುವುದಿಲ್ಲ. ಈ ಕೆಲಸಕ್ಕೇ ಅಂತ ಮಾಡಿದ ಬೇರೆ ಯುಎಸ್‌ಬಿ ಪೆಟ್ಟಿಗೆಗಳು ಒಂದು ಕಾಲಕ್ಕೆ ಮಾರಾಟಕ್ಕಿದ್ದವು. ಈಗ ಅಸಲಿ ಹುಡುಕುವುದು ಕಷ್ಟ, ಬೆಲೆಯೂ ಜಾಸ್ತಿ.

ಆದ್ದರಿಂದ ಮತ್ತೆ ಗುಜರಿ. ಹತ್ತು ಹದಿನೈದು ವರ್ಷದ ಹಿಂದೆ ಪಿಜೆ ಬಡಾವಣೆ, ಅಶೋಕ ರಸ್ತೆ ಕಡೆ ಎಷ್ಟು ಸೈಬರ್ ಸೆಂಟರ್ ಇದ್ದವು ನೆನಪಿದೆಯಾ? ಅವುಗಳಲ್ಲಿ ಇದ್ದಿದ್ದು ಹೆಚ್ಚಾಗಿ ಇಂಟೆಲ್ ಜಿ31 ಚಿಪ್‌ಸೆಟ್‌ನ ಬೋರ್ಡ್. ಅದರ ಜೊತೆ ಬರುವ ಐಸಿಎಚ್7 ಚಿಪ್‌ಗೆ ಎಎಚ್‌ಸಿಐ ಬರುವುದೇ ಇಲ್ಲ, ಗೊತ್ತಿರುವುದು ಐಡಿಇ ಒಂದೇ. ಆಗ ಅದು ಕೊರತೆ, ಈಗ ನಮಗೆ ಬೇಕಾಗಿರುವುದೇ ಅದು. ಜೊತೆಗೆ ಕಾರ್ಡ್ ಸಿಕ್ಕಿಸುವ ಬಿಳಿ ಬಣ್ಣದ ಹಳೇ ಪಿಸಿಐ ಸ್ಲಾಟ್ ಇರುತ್ತದೆ, ಅದರ ಉಪಯೋಗ ಮುಂದೆ ಹೇಳುತ್ತೇನೆ. ಕೇಸ್ ಇಲ್ಲದ, 2 ಜಿಬಿ ರ‍್ಯಾಮ್ ಇದ್ದ ಒಂದು ಬೋರ್ಡ್ ತೂಕದ ಲೆಕ್ಕದಲ್ಲಿ ಸಿಕ್ಕಿತು. ಒಳ್ಳೆಯ ಎಸ್‌ಎಂಪಿಎಸ್ (ಕಂಪ್ಯೂಟರ್‌ನ ಪವರ್ ಸಪ್ಲೈ) ನನ್ನ ಹತ್ತಿರ ಇತ್ತು.

ವಿಂಡೋಸ್ ಎಕ್ಸ್‌ಪಿ 32 ಬಿಟ್ ಹಾಕಿದೆ. 64 ಬಿಟ್ ವಿಂಡೋಸ್ ಆದರೆ ಪೋರ್ಟ್‌ಗಳನ್ನು ಮುಟ್ಟಲು ಬೇಕಾದ ಡ್ರೈವರ್‌ಗೆ ಸಹಿ ಇಲ್ಲ ಅಂತ ತಕರಾರು ತೆಗೆಯುತ್ತದೆ. ಪ್ರತಿ ಸಲ ಆನ್ ಮಾಡುವಾಗ ಆ ತಪಾಸಣೆ ಆಫ್ ಮಾಡಬೇಕು. ಇಂಟರ್ನೆಟ್‌ಗೆ ಸೇರಿಸದ ಒಂದು ಕೆಲಸದ ಯಂತ್ರಕ್ಕೆ ಎಕ್ಸ್‌ಪಿ ಸಾಕು. ಇದರಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದಿಲ್ಲವಲ್ಲ.

ಪವರ್ ಮತ್ತು ಅರ್ಥ್

360 ಡ್ರೈವ್‌ನ ಪವರ್ ಕನೆಕ್ಟರ್ ಕಂಪ್ಯೂಟರ್‌ನದಲ್ಲ. ಎರಡು ಸಾಲಿನಲ್ಲಿ 12 ಪಿನ್. 12 ವೋಲ್ಟ್, 5 ವೋಲ್ಟ್, 3.3 ವೋಲ್ಟ್ ಜೊತೆಗೆ ಟ್ರೇ ತೆಗೆಯುವ ಮತ್ತು ಟ್ರೇ ಎಲ್ಲಿದೆ ಅಂತ ತಿಳಿಸುವ ತಂತಿಗಳೂ ಅದರಲ್ಲೇ ಇವೆ. ಎಸ್‌ಎಂಪಿಎಸ್‌ನ ತಂತಿ ಕತ್ತರಿಸಿ ಜೋಡಿಸುವವರನ್ನು ನೋಡಿದ್ದೇನೆ. ನನಗೆ ಆ ಧೈರ್ಯ ಇಷ್ಟವಿಲ್ಲ. ಒಂದು ಪಿನ್ ಪಕ್ಕಕ್ಕೆ ಸರಿದರೆ 3.3 ಜಾಗಕ್ಕೆ 12 ಹೋಗುತ್ತದೆ, ಇರುವ ಕೀ ಕೂಡ ಹೊಗೆಯಾಗುತ್ತದೆ.

ಸುಲಭ ದಾರಿ ಅಂದರೆ ಕನ್ಸೋಲ್‌ನಿಂದಲೇ ಪವರ್ ತೆಗೆದುಕೊಳ್ಳುವುದು. ಪವರ್ ಕೇಬಲ್ ಕನ್ಸೋಲ್‌ಗೆ, ಸಾಟಾ ಕೇಬಲ್ ಕಂಪ್ಯೂಟರ್‌ಗೆ. ಟಿವಿಗೆ ಹೋಗುವ ಎವಿ ಕೇಬಲ್ ಹಿಂದೆ ಸಿಕ್ಕಿಸಿರಬೇಕು, ಟಿವಿ ಆನ್ ಇರದಿದ್ದರೂ ನಡೆಯುತ್ತದೆ. ಅದು ಇಲ್ಲದಿದ್ದರೆ ಮುಂದೆ ನಾಲ್ಕು ಕೆಂಪು ದೀಪ ಹತ್ತುತ್ತವೆ. ಎಷ್ಟೋ ಜನ ಅದನ್ನು ನೋಡಿ ಕನ್ಸೋಲೇ ಹೋಯಿತು ಅಂತ ಹೆದರುತ್ತಾರೆ. ನಾಲ್ಕು ದೀಪ ಅಂದರೆ ಎವಿ ಕೇಬಲ್ ಕಾಣುತ್ತಿಲ್ಲ ಅಂತ ಅಷ್ಟೇ. ಭಯ ಪಡಬೇಕಾದ್ದು ಮೂರು ದೀಪಕ್ಕೆ.

ಎರಡನೆಯದು ಅರ್ಥ್. ಹಳೇ ಮನೆಗಳಲ್ಲಿ, ಅಂಗಡಿಗಳಲ್ಲಿ ಮೂರು ಪಿನ್ ಸಾಕೆಟ್ ಇರುತ್ತದೆ, ಮೂರನೇ ತೂತಿಗೆ ತಂತಿಯೇ ಬಂದಿರುವುದಿಲ್ಲ. ಕೇಸ್ ಮುಟ್ಟಿದರೆ ಜುಂ ಅನ್ನುತ್ತದಲ್ಲ, ಆ ಕರೆಂಟ್ ಸಾಟಾ ಕೇಬಲ್ ಮೂಲಕ ಡ್ರೈವ್‌ಗೂ ಹರಿಯುತ್ತದೆ. ಕನ್ಸೋಲ್ ಒಂದು ಗೋಡೆಯಲ್ಲಿ, ಕಂಪ್ಯೂಟರ್ ಇನ್ನೊಂದು ಗೋಡೆಯಲ್ಲಿ ಹಾಕಿ ಇಂಥ ಕೆಲಸ ಮಾಡಬೇಡಿ. ನಾನು ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿ, ಎರಡರ ಲೋಹದ ಭಾಗಗಳ ನಡುವೆ ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ನೋಡಿದ ಮೇಲೇ ಕೇಬಲ್ ಸಿಕ್ಕಿಸುವುದು. ಎಕ್ಸ್‌ಟೆನ್ಶನ್ ಬೋರ್ಡ್ ಯುಪಿಎಸ್ ಮೇಲಿರಬೇಕು. ಬರೆಯುವ ಮಧ್ಯೆ ಕರೆಂಟ್ ಹೋದರೆ ಅರ್ಧ ಬರೆದ ಫರ್ಮ್‌ವೇರ್ ಉಳಿಯುತ್ತದೆ.

ಸುಟ್ಟ ಬೋರ್ಡ್‌ಗೆ ಹಾಗೇ ಪವರ್ ಕೊಡುವ ಹಾಗಿರಲಿಲ್ಲ. 12 ವೋಲ್ಟ್ ಸಾಲು ಗ್ರೌಂಡ್‌ಗೆ ಶಾರ್ಟ್ ಆಗಿತ್ತು, ಮೀಟರ್ ಬೀಪ್ ಅಂದಿತು. 5 ಮತ್ತು 3.3ರ ಸಾಲು ಚೆನ್ನಾಗಿದ್ದವು. ಹಾಟ್ ಏರ್‌ನಿಂದ ಸುಟ್ಟ ಚಿಪ್ಪನ್ನು ಎತ್ತಿದೆ. ಪಕ್ಕದ ಮೀಡಿಯಾಟೆಕ್ ಚಿಪ್‌ಗೆ ಬಿಸಿ ತಾಗದಿರಲಿ ಅಂತ ಶಾಖ ತಡೆಯುವ ಕ್ಯಾಪ್ಟಾನ್ ಟೇಪ್, ಅದರ ಮೇಲೆ ಮಡಚಿದ ಅಲ್ಯುಮಿನಿಯಂ ಹಾಳೆ. ಚಿಪ್ ಬಿಟ್ಟುಕೊಂಡಿತು, ಜೊತೆಗೆ ಎದ್ದಿದ್ದ ಪ್ಯಾಡ್‌ಗಳೂ ಬಂದವು. ಮತ್ತೆ ಮೀಟರ್ ಇಟ್ಟರೆ ಶಾರ್ಟ್ ಇಲ್ಲ. ಕೀ ಓದಲು ಮೋಟರ್ ಬೇಡ, ಲೇಸರ್ ಬೇಡ. ಮೀಡಿಯಾಟೆಕ್ ಚಿಪ್ ಎಚ್ಚರವಾದರೆ ಸಾಕು.

ಜಿ31ರ ಹಠ, ವಿಯಾ ಕಾರ್ಡ್‌ನ ಸೈರಣೆ

ಮೊದಲು ಜಿ31ರ ಸ್ವಂತ ಸಾಟಾ ಪೋರ್ಟ್‌ಗೇ ಹಾಕಿ ನೋಡಿದೆ. ಕಂಪ್ಯೂಟರ್ ಆನ್ ಮಾಡುವಾಗಲೇ ಡ್ರೈವ್ ಆನ್ ಇದ್ದರೆ ಬಯೋಸ್ ಅದನ್ನು ವಿಚಾರಿಸುತ್ತಾ ಅಲ್ಲೇ ನಿಂತುಬಿಡುತ್ತದೆ. ವಿಂಡೋಸ್ ಬಂದ ಮೇಲೆ ಡ್ರೈವ್‌ಗೆ ಪವರ್ ಕೊಟ್ಟರೆ ಪರವಾಗಿಲ್ಲ. ಸಾಫ್ಟ್‌ವೇರ್‌ನಲ್ಲಿ ಪೋರ್ಟ್ ಆರಿಸಿದರೆ ಡ್ರೈವ್ ಕಂಡಿತು, ಹೆಸರು ಬಂತು, ಸ್ಟೇಟಸ್ ಹೆಕ್ಸ್ 51. ಅಂದರೆ ಡ್ರೈವ್ ಮಾಮೂಲಿ ಸ್ಥಿತಿಯಲ್ಲಿದೆ. ಸುಟ್ಟ ಬೋರ್ಡ್ ಮಾತಾಡಿತಲ್ಲ, ಅರ್ಧ ಸಮಾಧಾನ.

ವೆಂಡರ್ ಮೋಡ್‌ಗೆ ಕಳಿಸುವ ಆಜ್ಞೆ ಕೊಟ್ಟ ಕೂಡಲೇ ಎಲ್ಲ ಸ್ತಬ್ಧ. ಮೌಸ್ ಕೂಡ ಅಲುಗಾಡಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ವೆಂಡರ್ ಮೋಡ್‌ಗೆ ಹೋದ ಡ್ರೈವ್ ತಾನೊಂದು ಡಿವಿಡಿ ಡ್ರೈವ್ ಅನ್ನುವುದನ್ನೇ ಮರೆತುಬಿಡುತ್ತದೆ. ನೀನು ಯಾರು, ಡಿಸ್ಕ್ ಇದೆಯಾ ಅಂತ ವಿಂಡೋಸ್ ಕೇಳುವ ಮಾಮೂಲಿ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ. ಮದರ್‌ಬೋರ್ಡ್‌ನ ಪೋರ್ಟ್ ವಿಂಡೋಸ್ ಕೈಯಲ್ಲಿದೆ. ಅದು ಪ್ರಶ್ನೆ ಕೇಳುತ್ತದೆ, ಕಾಯುತ್ತದೆ, ರೀಸೆಟ್ ಕೊಡುತ್ತದೆ. ಒಂದೇ ಫೋನ್‌ನಲ್ಲಿ ಇಬ್ಬರು ಮಾತಾಡಲು ಹೋದ ಹಾಗೆ.

ಇದಕ್ಕೆ ಹಳೇ ಕೈಗಳೆಲ್ಲ ಹೇಳುತ್ತಿದ್ದ ಔಷಧ ಒಂದೇ, ವಿಯಾ ವಿಟಿ6421ಎ ಚಿಪ್ ಇರುವ ಪಿಸಿಐ ಕಾರ್ಡ್. ಎರಡು ಸಾಟಾ ಪೋರ್ಟ್, ಒಂದು ಐಡಿಇ. ವೇಗ ಸೆಕೆಂಡ್‌ಗೆ 1.5 ಗಿಗಾಬಿಟ್ ಮಾತ್ರ. ಹಾರ್ಡ್ ಡಿಸ್ಕ್‌ಗೆ ಈ ಕಾರ್ಡ್ ಕೆಟ್ಟ ಹೆಸರು ತೆಗೆದುಕೊಂಡಿತ್ತು, 3 ಗಿಗಾಬಿಟ್‌ನ ಡಿಸ್ಕ್ ಹಾಕಿದರೆ ಎಷ್ಟೋ ಸಲ ಕಾಣುತ್ತಲೇ ಇರಲಿಲ್ಲ, ಜಂಪರ್ ಹಾಕಿ ವೇಗ ಇಳಿಸಬೇಕಿತ್ತು. ನಮ್ಮ ಕೆಲಸಕ್ಕೆ ಮಾತ್ರ ಇಷ್ಟು ಸಾಧು ಕಾರ್ಡ್ ಇನ್ನೊಂದಿಲ್ಲ. ಪೋರ್ಟ್ ವಿಳಾಸಗಳನ್ನು ಬಿಚ್ಚಿ ಮುಂದಿಡುತ್ತದೆ. ಡ್ರೈವ್ ಮಧ್ಯದಲ್ಲಿ ಆಫ್ ಆಗಿ ಆನ್ ಆದರೂ ಗಲಾಟೆ ಮಾಡುವುದಿಲ್ಲ.

ಒಂದು ಗುಟ್ಟಿದೆ. ಕಾರ್ಡ್ ಜೊತೆ ಬರುವ ಸಿಡಿಯಿಂದ ಡ್ರೈವರ್ ಹಾಕಬಾರದು. ಹಾಕಿದ್ದರೆ ತೆಗೆಯಬೇಕು. ಡ್ರೈವರ್ ಇಲ್ಲದಿದ್ದರೆ ವಿಂಡೋಸ್‌ಗೆ ಆ ಕಾರ್ಡ್ ಹಳದಿ ಪ್ರಶ್ನೆ ಗುರುತಿನ ಅನಾಮಧೇಯ ವಸ್ತು. ಅದರ ತಂಟೆಗೆ ಹೋಗುವುದಿಲ್ಲ. ಪೋರ್ಟ್ ಪೂರ್ತಿ ನಮ್ಮ ಸಾಫ್ಟ್‌ವೇರ್‌ಗೆ. ಅಂಗಡಿಯವರು 'ಡ್ರೈವರ್ ಸಿಡಿ ಕಳೆದುಹೋಗಿದೆ ಸರ್' ಅಂತ ಬೆಲೆ ಇಳಿಸಿದರೆ ಸುಮ್ನೆ ತೆಗೆದುಕೊಳ್ಳಿ.

ಕಾರ್ಡ್ ಹಾಕಿ, ವೆಂಡರ್ ಮೋಡ್ ಆಜ್ಞೆ ಕೊಟ್ಟೆ. ಡ್ರೈವ್‌ನ ಪವರ್ ಒಮ್ಮೆ ತೆಗೆದು ಹಾಕಬೇಕು, ಸಾಫ್ಟ್‌ವೇರ್ ಆ ಕ್ಷಣಕ್ಕೆ ಕಾಯುತ್ತಿರುತ್ತದೆ. ಪ್ಲಗ್ ತೆಗೆದೆ, ಒಂದು ಉಸಿರು ಬಿಟ್ಟು ಹಾಕಿದೆ. ಸ್ಟೇಟಸ್ 51 ಇದ್ದದ್ದು 73 ಆಯಿತು, ಅಂದರೆ ಡ್ರೈವ್ ವೆಂಡರ್ ಮೋಡ್‌ಗೆ ಹೋಯಿತು. ಕೆಳಗಿನ ಸಾಲಿನಲ್ಲಿ ಫರ್ಮ್‌ವೇರ್ ಇರುವ ಫ್ಲ್ಯಾಶ್ ಚಿಪ್‌ನ ಹೆಸರು ಬಂತು. ಆ ಹೆಸರು ಬರುವುದು ಮುಖ್ಯ. 73 ಬಂದು ಚಿಪ್ ಹೆಸರಿನ ಜಾಗ ಖಾಲಿ ಇದ್ದರೆ ಅಲ್ಲೇ ನಿಲ್ಲಿಸಿ, ಕೇಬಲ್ ಬದಲಿಸಿ. ಉದ್ದನೆಯ, ಮಡಚಿ ಮಡಚಿ ಸೋತ ಸಾಟಾ ಕೇಬಲ್ ಇಲ್ಲಿ ಬೇಕಾದಷ್ಟು ಕಾಟ ಕೊಡುತ್ತದೆ. ನಾನು ಅರ್ಧ ಮೀಟರ್‌ಗಿಂತ ಉದ್ದದ್ದನ್ನು ಬಳಸುವುದಿಲ್ಲ.

ಪೂರ್ತಿ ಫ್ಲ್ಯಾಶ್ ಓದಿ ಫೈಲ್ ಮಾಡಿದೆ. ಫೈಲ್ ಸರಿಯಾಗಿ 2,62,144 ಬೈಟ್ ಇರಬೇಕು, ಅಂದರೆ 256 ಕೆಬಿ. ಪವರ್ ತೆಗೆದು ಹಾಕಿ ಇನ್ನೊಮ್ಮೆ ಓದಿ, ಎರಡು ಫೈಲ್ ಬೈಟಿಗೆ ಬೈಟ್ ಹೋಲಿಸಬೇಕು. ಹಾಗೆ ಹೋಲಿಸಿದ ಮೇಲೇ ಅದರಲ್ಲಿರುವ ಕೀಯನ್ನು ನಂಬುವುದು. ಒಂದು ಬಿಟ್ ಆಚೀಚೆ ಆದರೂ ಕೀ ಬೇರೆಯೇ, ಕನ್ಸೋಲ್‌ಗೆ ಹತ್ತಿರದ ಉತ್ತರ ನಡೆಯುವುದಿಲ್ಲ. ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ, ಕಂಪ್ಯೂಟರ್‌ನಿಂದ ಹೊರಗೆ ಇಟ್ಟ ಮೇಲೆ ದಾನಿ ಡ್ರೈವ್‌ಗೆ ಕೈ ಹಾಕಿದೆ.

ಬರೆಯುವಾಗ ಏನು ಬರೆಯಬೇಕು

ಸುಟ್ಟ ಬೋರ್ಡ್‌ನ ಫೈಲ್ ಪೂರ್ತಿಯಾಗಿ ದಾನಿಗೆ ಸುರಿದರೆ ಆಯಿತಲ್ಲ ಅನ್ನಿಸುತ್ತದೆ. ಎರಡೂ ವಿಎಡಿ6038, ನಡೆಯಲೂಬಹುದು. ಆದರೂ ನಾನು ಹಾಗೆ ಮಾಡುವುದಿಲ್ಲ. ಒಂದು ಡ್ರೈವ್‌ನ ಲೇಸರ್‌ಗೂ ಇನ್ನೊಂದರ ಲೇಸರ್‌ಗೂ ಸಣ್ಣ ಸಣ್ಣ ವ್ಯತ್ಯಾಸ ಇರುತ್ತದೆ. ದಾನಿಯ ಸ್ವಂತ ಫರ್ಮ್‌ವೇರ್ ಅದರ ಜೊತೆಗೇ ಇರಲಿ. ಅದರಲ್ಲಿ ಬದಲಾಗಬೇಕಾದ್ದು ಕೀ ಮತ್ತು ಡ್ರೈವ್ ತಾನು ಯಾರು ಅಂತ ಹೇಳಿಕೊಳ್ಳುವ ಗುರುತಿನ ಸಾಲು.

ಗುರುತಿನ ಸಾಲು ಯಾಕೆ ಅಂದರೆ, ತನಗೆ ಯಾವ ಮಾಡೆಲ್‌ನ ಡ್ರೈವ್ ಕೊಟ್ಟಿದ್ದರು ಅನ್ನುವುದೂ ಕನ್ಸೋಲ್‌ಗೆ ಗೊತ್ತು. ಕೀ ಸರಿ ಇದ್ದು ಮಾಡೆಲ್ ಬೇರೆ ಅಂತ ಕಂಡರೆ ಇ66 ಅನ್ನುವ ದೋಷ ತೋರಿಸುವುದುಂಟು. ಹಿಟಾಚಿ ಇದ್ದ ಜಾಗಕ್ಕೆ ಬೆನ್‌ಕ್ಯೂ ಹಾಕುವವರು ಇದನ್ನು ಮರೆಯಬಾರದು. ನನ್ನ ಕೇಸ್‌ನಲ್ಲಿ ಇಬ್ಬರೂ ಒಂದೇ ಮನೆತನ, ಆದರೂ 64930ಸಿ ಅಂತಲೇ ಹೇಳಿಸಿದೆ.

ದಾನಿಯ ಮೂಲ ಫೈಲನ್ನೂ ಅದೇ ರೀತಿ ಓದಿ ಇಟ್ಟುಕೊಂಡೆ. ಆಮೇಲೆ ಸಾಫ್ಟ್‌ವೇರ್‌ನಲ್ಲಿ ಎಡಗಡೆ ಸುಟ್ಟ ಬೋರ್ಡ್‌ನ ಫೈಲ್, ಬಲಗಡೆ ದಾನಿಯ ಫೈಲ್. ಎಡದ ಕೀ ಬಲಕ್ಕೆ ಹೋಯಿತು. ಕಣ್ಣಲ್ಲಿ ಒಂದೊಂದೇ ಜೋಡಿ ಅಂಕಿ ಓದಿಸಿ ಹುಡುಗನ ಹತ್ತಿರ ಹೌದು ಹೌದು ಅನ್ನಿಸಿಕೊಂಡೆ. ಬರೆಯಲು ಒಂದು ನಿಮಿಷವೂ ಹಿಡಿಯಲಿಲ್ಲ. ಇಷ್ಟು ಹೊತ್ತು ಮಾಡಿದ ತಯಾರಿಯೆಲ್ಲ ಈ ಒಂದು ಪಟ್ಟಿ ಎಡದಿಂದ ಬಲಕ್ಕೆ ಓಡುವುದಕ್ಕೆ. ಬರೆದಿದ್ದನ್ನು ಮತ್ತೆ ಓದಿ ಹೋಲಿಸಿ, ವೆಂಡರ್ ಮೋಡ್‌ನಿಂದ ಹೊರಗೆ ಬಂದೆ. ಸ್ಟೇಟಸ್ ಮತ್ತೆ 51.

ಕನ್ಸೋಲ್‌ಗೆ ಎರಡೂ ಕೇಬಲ್ ಹಾಕಿ, ಮೇಲಿನ ಹೊದಿಕೆ ಮುಚ್ಚದೆ ಡಿಸ್ಕ್ ಇಟ್ಟೆವು. ಟ್ರೇ ಒಳಗೆ ಹೋಯಿತು, ಡಿಸ್ಕ್ ತಿರುಗಿತು, ಪರದೆ ಮೇಲೆ ಗೇಮ್‌ನ ಚಿತ್ರ ಬಂತು. "ಬಂತು ಅಣ್ಣಾ!" ಅಂತ ಹುಡುಗ ಕೂಗಿದ್ದಕ್ಕೆ ಪಕ್ಕದ ಟೇಲರ್ ಅಂಗಡಿಯವರು ಇಣುಕಿ ನೋಡಿದರು.

ಆದರೆ ಅವನ ಚೀಲದಲ್ಲಿದ್ದ ಕೆಲವು ಡಿಸ್ಕ್‌ಗಳು ಮಧ್ಯೆ ಮಧ್ಯೆ ನಿಲ್ಲುತ್ತಿದ್ದವು. ಇದಕ್ಕೂ ಫರ್ಮ್‌ವೇರ್‌ಗೂ ಸಂಬಂಧವಿಲ್ಲ. ಗೇಮ್ ಡಿಸ್ಕ್‌ಗಳು ಎರಡು ಪದರದವು, ಒಳಗಿನ ಪದರ ಓದುವಾಗ ಸೋತ ಲೇಸರ್ ತಡವರಿಸುತ್ತದೆ. ಲೆನ್ಸನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸಿದೆ. ಸ್ವಲ್ಪ ಸುಧಾರಿಸಿತು, ಪೂರ್ತಿ ಅಲ್ಲ. ಲೇಸರ್‌ನ ಪಾಟ್ ಅನ್ನುವ ಸಣ್ಣ ತಿರುಗು ಸ್ಕ್ರೂ ತಿರುಗಿಸಿ ಶಕ್ತಿ ಹೆಚ್ಚಿಸುವವರಿದ್ದಾರೆ. ಅದು ಸಾಯುವ ಲೇಸರ್‌ನ ಆಯುಸ್ಸನ್ನು ಇನ್ನಷ್ಟು ಕಡಿಮೆ ಮಾಡುತ್ತದೆ, ನಾನು ಮುಟ್ಟುವುದಿಲ್ಲ. ಹೊಸ ಲೇಸರ್ ತರಿಸಿ ಹಾಕಿದೆ. ಹೊಸ ಲೇಸರ್‌ನ ಹಿಂದೆ ಸ್ಥಾಯಿ ವಿದ್ಯುತ್‌ನಿಂದ ಕಾಪಾಡಲು ಒಂದು ಚುಕ್ಕೆ ಬೆಸುಗೆ ಹಾಕಿರುತ್ತಾರೆ. ರಿಬ್ಬನ್ ಕೇಬಲ್ ಸಿಕ್ಕಿಸಿದ ಮೇಲೆ, ಪವರ್ ಕೊಡುವ ಮೊದಲು ಅದನ್ನು ತೆಗೆಯಬೇಕು. ತೆಗೆಯದಿದ್ದರೆ ಲೇಸರ್ ಬೆಳಗುವುದೇ ಇಲ್ಲ, ಹೊಸ ಮಾಲು ಖರಾಬು ಅಂತ ಅಂಗಡಿಯವರ ಜೊತೆ ಜಗಳ.

ಬೇರೆ ಡ್ರೈವ್ ಬಂದರೆ

ಬೆನ್‌ಕ್ಯೂ ಸಿಕ್ಕಿದ್ದು ಅದೃಷ್ಟ. ದಪ್ಪ ಮಾಡೆಲ್‌ನಲ್ಲಿ ನಾಲ್ಕು ಥರದ ಡ್ರೈವ್ ಬರುತ್ತವೆ, ಒಂದೊಂದರದೂ ಒಂದೊಂದು ಗುಣ. ತೋಶಿಬಾ ಸ್ಯಾಮ್‌ಸಂಗ್‌ನ ಟಿಎಸ್-ಎಚ್943 ಕೂಡ ಬೆನ್‌ಕ್ಯೂ ಹಾಗೇ ವೆಂಡರ್ ಮೋಡ್‌ನಲ್ಲಿ ಓದಿಸಿಕೊಳ್ಳುತ್ತದೆ. ಹಿಟಾಚಿ ಜಿಡಿಆರ್-3120ಎಲ್‌ನ ಒಳಗಿರುವುದು ಮೀಡಿಯಾಟೆಕ್ ಅಲ್ಲ, ಹಾಗಾಗಿ ದಾರಿಯೂ ಬೇರೆ. ಅದರ 78, 79 ಆವೃತ್ತಿಗೆ ಬಾಗಿಲು ತೆಗೆಸಲು ವಿಶೇಷವಾಗಿ ಬರೆದ ಒಂದು ಆಡಿಯೋ ಸಿಡಿ ಬೇಕು. ಅಂದರೆ ಸಿಡಿ ಓದುವಷ್ಟಾದರೂ ಲೇಸರ್ ಬದುಕಿರಬೇಕು. ಸತ್ತ ಲೇಸರ್‌ನ ಹಿಟಾಚಿ 79 ಬಂದರೆ ಮೊದಲು ಲೇಸರ್ ಕೆಲಸ, ಆಮೇಲೆ ಕೀ.

ಲೈಟ್‌ಆನ್ ಡಿಜಿ-16ಡಿ2ಎಸ್ ಸ್ವಲ್ಪ ತಲೆನೋವು. 74850ಸಿ ಆವೃತ್ತಿಯಲ್ಲಿ ಟ್ರೇಯನ್ನು ಅರ್ಧಕ್ಕೆ ನಿಲ್ಲಿಸಿ ಸೀರಿಯಲ್ ತಂತಿ ಮೂಲಕ ಕೀ ಓದುತ್ತಾರೆ. ಅರ್ಥ್ ವಿಷಯ ಅಷ್ಟು ಕೊರೆದಿದ್ದು ಇದಕ್ಕೂ ಸೇರಿಸಿ, ಗ್ರೌಂಡ್ ಸರಿ ಇಲ್ಲದಿದ್ದರೆ ಸೀರಿಯಲ್‌ನಲ್ಲಿ ಬರೀ ಕಸ ಬರುತ್ತದೆ. ಕೊನೆಗೆ ಬಂದ 93450ಸಿಗೆ ಬೋರ್ಡ್ ಮೇಲಿನ ಸಣ್ಣ ಟ್ರ್ಯಾಕ್‌ಗಳನ್ನು ಕತ್ತರಿಸುವ ಮಟ್ಟಕ್ಕೆ ಹೋಗಬೇಕಿತ್ತು. ಅಂಥದ್ದು ಬಂದರೆ ಹಳೇ ಬೋರ್ಡನ್ನೇ ರಿಪೇರಿ ಮಾಡಲು ಎಷ್ಟು ಸಾಧ್ಯವೋ ಅಷ್ಟು ನೋಡುತ್ತೇನೆ.

ಕೆಲಸ ಮುಗಿಯುವ ಹೊತ್ತಿಗೆ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ, "ಅಣ್ಣಾ, ಹೇಗೂ ಬರೆಯುತ್ತಿದ್ದೀರಿ, ಕಾಪಿ ಡಿಸ್ಕ್ ಓಡೋ ಹಾಗೆ ಮಾಡಿಕೊಡಿ." ಇಲ್ಲ. ಅದು ಬೇರೆ ಕೆಲಸ, ನಾನು ಮಾಡುವುದಿಲ್ಲ. ನಮ್ಮ ಕಾಪಿರೈಟ್ ಕಾನೂನಿಗೆ 2012ರಲ್ಲಿ ಸೇರಿದ 65ಎ ಕಲಂ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ರಕ್ಷಣೆ ಮುರಿಯುವುದನ್ನು ಅಪರಾಧ ಅನ್ನುತ್ತದೆ. ಕೆಟ್ಟ ಡ್ರೈವ್‌ನ ಕೀಯನ್ನು ಅದೇ ಕನ್ಸೋಲ್‌ನ ಬದಲಿ ಡ್ರೈವ್‌ಗೆ ಒಯ್ಯುವುದರಲ್ಲಿ ಆ ಉದ್ದೇಶ ಎಲ್ಲಿದೆ? ಅಮೆರಿಕದಲ್ಲಂತೂ 2021ರಲ್ಲಿ ಕನ್ಸೋಲ್‌ಗಳ ಡಿಸ್ಕ್ ಡ್ರೈವ್ ರಿಪೇರಿಗೆ ಅಂತಲೇ ಕಾನೂನಿನಲ್ಲಿ ವಿನಾಯಿತಿ ಕೊಟ್ಟರು. ರಿಪೇರಿ ಆದ ಮೇಲೆ ರಕ್ಷಣೆಯನ್ನು ಮೊದಲಿನ ಹಾಗೆ ಇಡಬೇಕು ಅನ್ನುವ ಷರತ್ತು ಅದಕ್ಕಿದೆ. ನನಗೂ ಅದೇ ಸರಿಯಾದ ಗೆರೆ ಅನ್ನಿಸುತ್ತದೆ.

ಈ ಜೋಡಿ ಮಾಡುವ ಚಾಳಿ ಇವತ್ತಿಗೂ ನಿಂತಿಲ್ಲ. ಪ್ಲೇಸ್ಟೇಷನ್ 5ರಲ್ಲೂ ಡ್ರೈವ್‌ಗೂ ಮದರ್‌ಬೋರ್ಡ್‌ಗೂ ಗಂಟು ಹಾಕಿದ್ದಾರೆ. 2023ರಲ್ಲಿ ಬಂದ ತೆಳು ಮಾಡೆಲ್‌ನ ಬಿಚ್ಚುವ ಡ್ರೈವನ್ನು ಹೊಸದಾಗಿ ಹಾಕಿದಾಗ ಇಂಟರ್ನೆಟ್ ಮೂಲಕ ಜೋಡಿಸಿಕೊಳ್ಳಬೇಕು. 360ರಲ್ಲಿ ಕನಿಷ್ಠ ಒಂದು ಗುಜರಿ ಕಂಪ್ಯೂಟರ್, ಒಂದು ವಿಯಾ ಕಾರ್ಡ್ ಇದ್ದರೆ ನಾವೇ ಮಾಡಿಕೊಳ್ಳಬಹುದು. ಕಂಪನಿಯ ಸರ್ವರ್ ಮುಚ್ಚಿದ ದಿನ ಆ ಡ್ರೈವ್‌ಗಳ ಗತಿ ಏನು ಅಂತ ಯೋಚಿಸಿದವರು ಕಡಿಮೆ.

ಹುಡುಗನಿಗೆ ಕನ್ಸೋಲ್ ಕೊಡುವಾಗ ಪೆನ್‌ಡ್ರೈವ್‌ನಲ್ಲಿ ಎರಡು ಫೈಲ್ ಹಾಕಿಕೊಟ್ಟೆ, ಹಳೇ ಬೋರ್ಡ್‌ನದು ಮತ್ತು ಈಗ ಬರೆದದ್ದು. ಕೀಯನ್ನು ಕಾಗದದ ಮೇಲೂ ಬರೆದು ಡ್ರೈವ್‌ನ ತಳದ ತಗಡಿನ ಒಳಗಡೆ ಅಂಟಿಸಿದ್ದೇನೆ. ಮುಂದೆ ಯಾರೇ ಬಿಚ್ಚಲಿ, ಈ ಬೋರ್ಡ್ ಸುಟ್ಟುಹೋದರೂ ಕೀ ಸಿಗುತ್ತದೆ. ಟ್ರೇ ಹಳಿ ತೊಳೆದು ಹೊಸ ಬೆಲ್ಟ್ ಹಾಕಿದೆ. ಟಿವಿ ಸ್ಟ್ಯಾಂಡ್‌ನ ಖಾನೆಯಿಂದ ಹೊರಗಿಡು ಅಂತ ಹೇಳಿ ಕಳಿಸಿದೆ.

ಈಗ ಮೇಜಿನ ಮೇಲೆ ಚಿತ್ರದುರ್ಗದಿಂದ ಬಂದ ಒಂದು ಸ್ಲಿಮ್ ಇದೆ, 360ರ ತೆಳು ಮಾಡೆಲ್, ಡ್ರೈವ್ ಲೈಟ್‌ಆನ್ ಡಿಜಿ-16ಡಿ4ಎಸ್. ಟ್ರೇ ಬರುತ್ತದೆ, ಡಿಸ್ಕ್ ಓದುವುದಿಲ್ಲ. ಬೋರ್ಡ್ ಮೇಲೆ ಸುಟ್ಟ ಗುರುತಿಲ್ಲ. ಹೊಸ ಲೇಸರ್ ತರಿಸಲು ಹೇಳಿದ್ದೇನೆ, ಜಿ31 ಈ ಸಲ ಆನ್ ಮಾಡುವ ಅಗತ್ಯ ಬರಲಿಕ್ಕಿಲ್ಲ.